ಷರತ್ತಿನ ಮೇಲೆ ಅನುಮತಿ

ಖಾಸಗಿ ಕಾಲೇಜುಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಲ್ಲಿ ಅವರು ಪರಿವೀಕ್ಷಕರು. ಕಟ್ಟಡ ನೋಡುವುದು, ಪ್ರಯೋಗಾಲಯ ನೋಡುವುದು, ಪಾಠ ಹೇಳುವವರೆಂದು ತೋರಿಸಿದವರು ನಿಜಕ್ಕೂ ಪಾಠ ಹೇಳುವವರೇ ಎಂದು ವಿಚಾರಿಸುವುದು, ಬಂದು ವರದಿ ಬರೆಯುವುದು ಅವರ ಕೆಲಸ. ಎಷ್ಟೇ ಕಟುವಾಗಿ ಬರೆದರೂ ಮೇಲಿನಿಂದ ಇಳಿದುಬರುತ್ತಿದ್ದ ಆದೇಶ ಒಂದೇ: 'ಷರತ್ತಿನ ಮೇಲೆ ಅನುಮತಿ ಮುಂದುವರಿಸಲಾಗಿದೆ.' ಹಾಗಾಗಿ ಕಚೇರಿಯಲ್ಲಿ ಎಲ್ಲರೂ ಅವರನ್ನು ಷರತ್ತಣ್ಣ ಎಂದೇ ಕರೆಯುತ್ತಿದ್ದರು. ಅವರೂ ನಗುತ್ತಿದ್ದರು. "ಹಲ್ಲು ಕಿತ್ತ ಹಾವಿಗೆ ಹೆಸರಾದ್ರೂ ಇರ್ಲಿ ಬಿಡ್ರಪ್ಪ" ಅನ್ನುತ್ತಿದ್ದರು.

ಮದುವೆ ಮಾಡಿಕೊಂಡವರಲ್ಲ. ಅಕ್ಕನ ಮನೆಯ ಮಹಡಿ ಮೇಲೊಂದು ಕೋಣೆ, ಅದರಲ್ಲೊಂದು ಮಂಚ, ಕಿಟಕಿಯ ಪಕ್ಕ ಒಂದು ಕುರ್ಚಿ. ಕೆಳಗೆ ಬೀದಿಗೆ ಮುಖ ಮಾಡಿದ ಕೋಣೆಯೇ ಅಕ್ಕನ ಹೊಲಿಗೆ ಅಂಗಡಿ. ತಾಯಿ ಇಲ್ಲದ ತಮ್ಮನನ್ನು ಓದಿಸಿದ್ದು ಆ ಹೊಲಿಗೆ ಯಂತ್ರವೇ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದೂ ಅದೇ. ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಆಸ್ಪತ್ರೆಯವರು ಕೊಟ್ಟ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು, "ಮಾವ, ಒಳಗೆ ನಾನು ಇಷ್ಟು ಬೆಳ್ಳಗಿದೀನಾ?" ಎಂದು ಕೇಳಿದ್ದಳು. ಆವತ್ತೇ ಹುಚ್ಚು ಹಿಡಿಯಿತು. ಎಕ್ಸ್‌ರೇ ತೆಗೆಯುವ ಕೆಲಸವನ್ನೇ ಕಲಿಯಬೇಕು, ಬೇರೇನೂ ಬೇಡ.

ಅದನ್ನು ಕಲಿಸುವ ಕಾಲೇಜು ಆ ಊರಿನಲ್ಲಿ ಇದ್ದದ್ದು ಒಂದೇ. ಗುಬ್ಬಿ ಇನ್ನೂ ಶಾಲೆಯಲ್ಲಿದ್ದಾಗಲೇ ಷರತ್ತಣ್ಣ ಅದರ ತಪಾಸಣೆಗೆ ಹೋಗಿಬಂದಿದ್ದರು. ಕಾಲೇಜಿಗೆ ಸೇರಿದ ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆಗಳೆಲ್ಲ ಭರ್ತಿ. ಆದರೆ ಹೊದಿಕೆಗಳ ಕೆಳಗಿನಿಂದ ಬೂಟುಗಳು ಇಣುಕುತ್ತಿದ್ದವು. ಒಬ್ಬನ ಪಕ್ಕ ನಿಂತು, "ಏನಪ್ಪಾ ಕಾಯಿಲೆ?" ಎಂದು ಕೇಳಿದರು.

"ಇನ್ನೂ ಹೇಳಿಲ್ಲ ಸಾರ್" ಅಂದ ಅವನು, ಪಾಪ, ಬಹಳ ವಿನಯದಿಂದ.

ಎಕ್ಸ್‌ರೇ ಕೋಣೆಯಲ್ಲಿ ಯಂತ್ರವೇನೋ ಇತ್ತು. ಅದರ ವೈರಿನ ತುದಿಗೆ ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಸಿಕ್ಕಿಸೋಣವೆಂದರೆ ಗೋಡೆಯಲ್ಲಿ ಅದಕ್ಕೆ ತಕ್ಕ ಪ್ಲಗ್ ಪಾಯಿಂಟೇ ಇಲ್ಲ. ಎಲ್ಲವನ್ನೂ ಬರೆದರು. ಎಂದಿನಂತೆ ಷರತ್ತು ಬಂತು: ಕೊರತೆಗಳನ್ನು ಸರಿಪಡಿಸತಕ್ಕದ್ದು.

ಅವರ ಮೇಲಧಿಕಾರಿ ಕೆಟ್ಟ ಹೆಂಗಸೇನಲ್ಲ. ಇವರು ಜಗಳಕ್ಕೆ ಹೋದಾಗ ಕನ್ನಡಕ ತೆಗೆದಿಟ್ಟು ಹೇಳಿದರು: "ಮುಚ್ಚಿಸೋಕೆ ಒಂದು ಸಹಿ ಸಾಕು ಕಣ್ರೀ. ಒಳಗಿರೋ ಮಕ್ಕಳನ್ನ ಎಲ್ಲಿ ಕೂರಿಸ್ತೀರಿ? ನಿಮ್ಮ ಕುರ್ಚಿ ಮೇಲಾ?"

ಷರತ್ತಣ್ಣ ವರದಿಯ ಪ್ರತಿ ಎತ್ತಿಕೊಂಡು ತಮ್ಮ ಮೇಜಿಗೆ ಮರಳಿದರು.

ಗುಬ್ಬಿ ಆ ಕಾಲೇಜಿಗೇ ಸೇರುತ್ತೇನೆ ಎಂದಾಗ ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ಕಚೇರಿಯ ಮಾತು ಮನೆಯಲ್ಲಿ ಆಡಿದವರಲ್ಲ. ಅವತ್ತು ಮಾತ್ರ ಆಡಿದರು. "ಬೇಡ ಕಣೆ. ಅಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಗೇಟ್ ಮೇಲೆ ಸರ್ಕಾರದ ಮಾನ್ಯತೆ ಅಂತ ಇಷ್ಟು ದೊಡ್ಡ ಬೋರ್ಡ್ ಹಾಕಿದಾರೆ" ಎಂದಳು ಗುಬ್ಬಿ.

ಅಕ್ಕ ಮಧ್ಯೆ ಬಾಯಿ ಹಾಕಿದಳು. "ಆ ಮಾನ್ಯತೆ ಕೊಟ್ಟಿದ್ದು ನಿನ್ನ ಕಚೇರಿನೇ ಅಲ್ವೇನೋ? ಹಂಗಾದ್ರೆ ಸುಳ್ಳು ಹೇಳ್ತಿರೋದು ಕಚೇರಿನಾ, ನೀನಾ? ಮಗು ಬೇರೆ ಊರಿಗೆ ಹೋಗಿ ಹಾಸ್ಟೆಲ್ಲಲ್ಲಿ ಇದ್ದು ಓದೋ ಸ್ಥಿತಿಲಿ ನಾವಿದೀವಾ? ನೀನು ಎಲ್ಲದ್ರಲ್ಲೂ ಹುಳುಕು ಹುಡುಕ್ತೀಯ. ಹುಡುಕೀ ಹುಡುಕೀ ಒಂದು ಹೆಣ್ಣನ್ನೂ ಒಪ್ಪಲಿಲ್ಲ."

ಗುಬ್ಬಿ ಕಿಸಕ್ಕನೆ ನಕ್ಕಳು. ಅವರಿಗೂ ನಗು ಬಂತು. ಅಲ್ಲಿಗೆ ಮಾತು ಮುಗಿಯಿತು. ಗುಬ್ಬಿ ಸೇರಿಕೊಂಡಳು.

ಮೊದಲ ವರ್ಷ ಪುಸ್ತಕದ ಪಾಠದಲ್ಲೇ ಕಳೆಯಿತು. ಎರಡನೆಯ ವರ್ಷ ಪಾಠ ಹೇಳುವವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಗುಬ್ಬಿ ಮನೆಗೆ ಬಂದು ಅದರ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಮಾವ 'ನಾ ಹೇಳಿರಲಿಲ್ವಾ' ಅಂದುಬಿಟ್ಟಾರೆಂಬ ಅಳುಕು. ಮಾವ ಅಂಥ ಮಾತು ಅನ್ನುವವರಲ್ಲ. ಆದರೂ ಒಂದೇ ಸೂರಿನ ಕೆಳಗೆ ಇಬ್ಬರೂ ಆ ವಿಷಯದ ಸುತ್ತ, ಒದ್ದೆ ನೆಲ ಬಳಸಿ ಹೋಗುವವರ ಹಾಗೆ, ಜೋಪಾನವಾಗಿ ಓಡಾಡಿಕೊಂಡಿದ್ದರು.

ಕೊನೆಯ ವರ್ಷ ಆ ಕಾಲೇಜಿನ ತಪಾಸಣೆ ಮತ್ತೆ ಅವರ ಪಾಲಿಗೇ ಬಂತು. ಮನೆಯ ಹುಡುಗಿ ಅಲ್ಲಿ ಓದುತ್ತಿದ್ದಾಳೆ, ಬೇರೆಯವರನ್ನು ಕಳಿಸಿ ಎಂದು ಕೇಳಿಕೊಂಡರು. "ಬೇರೆಯವ್ರು ಯಾರಿದಾರೆ, ನೀವೇ ಹೇಳಿ" ಎಂದು ಮೇಲಧಿಕಾರಿ ಖಾಲಿ ಬಿದ್ದ ಮೇಜುಗಳತ್ತ ಕೈ ತೋರಿಸಿದರು. ನಿವೃತ್ತರಾದವರ ಜಾಗಕ್ಕೆ ವರ್ಷಗಳಿಂದ ಯಾರೂ ಬಂದಿರಲಿಲ್ಲ.

ಹೋದರು. ವಾರ್ಡಿನಲ್ಲಿ ಈ ಸಲ ಹಾಸಿಗೆಗಳ ಮೇಲೆ ಯಾರೂ ಇರಲಿಲ್ಲ. ಬಾಡಿಗೆ ರೋಗಿಗಳನ್ನು ತರುವ ಉತ್ಸಾಹವೂ ಕಾಲೇಜಿನವರಿಗೆ ಉಳಿದಿರಲಿಲ್ಲ. ಪ್ರಾಂಶುಪಾಲರು ವಿದ್ಯಾರ್ಥಿಗಳನ್ನು ಬಿಳಿ ಕೋಟು ಹಾಕಿಸಿ ಸಾಲಾಗಿ ಕೂರಿಸಿ, ತಾವೂ ಪಕ್ಕದಲ್ಲೇ ನಿಂತರು. ಹಿಂದಿನ ಸಾಲಿನಲ್ಲಿ ಗುಬ್ಬಿ ತಲೆ ತಗ್ಗಿಸಿ ಕೂತಿದ್ದಳು.

"ಯಂತ್ರದ ಮೇಲೆ ಅಭ್ಯಾಸ ಮಾಡಿಸ್ತಾರಾ?" ಎಂದು ಕೇಳಬೇಕಿತ್ತು. ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಹೌದು ಎಂದರು. ಗುಬ್ಬಿಯ ಸರದಿ ಬಂತು. ಅವಳು ಎದ್ದು ನಿಂತು ಮಾವನ ಅಂಗಿಯ ಗುಂಡಿ ನೋಡುತ್ತಾ, "ಮಾಡಿಸ್ತಾರೆ ಸಾರ್" ಎಂದಳು.

ಸಂಜೆ ಮಹಡಿಗೆ ಬಂದು ಬಾಗಿಲಲ್ಲಿ ನಿಂತಳು. "ಇಲ್ಲ ಅಂದ್ರೆ ಕಾಲೇಜ್ ಮುಚ್ತಾರೆ ಅಂತ ಪ್ರಿನ್ಸಿಪಾಲ್ರು ಹೇಳಿದ್ರು ಮಾವ. ಇನ್ನೊಂದೇ ಪರೀಕ್ಷೆ ಇರೋದು. ಅದೊಂದು ಆಗಿಹೋಗ್ಲಿ."

"ಯಂತ್ರ ಮುಟ್ಟಿದೀಯಾ?"

"ಧೂಳು ಒರೆಸಿದೀನಿ."

ಅವರು ಅತ್ತ ದರಿ ಇತ್ತ ಪುಲಿ ಎಂಬ ಹಾಗಾದರು. ಸರಿಯಾಗಿದೆ ಎಂದು ಬರೆದರೆ, ನಾಳೆ ಆಸ್ಪತ್ರೆಯಲ್ಲಿ ಯಾರದೋ ಮೂಳೆಯ ಮುಂದೆ ನಿಲ್ಲುವುದು ಯಂತ್ರ ಗೊತ್ತಿಲ್ಲದ ಮಕ್ಕಳು. ಇದ್ದದ್ದು ಇದ್ದ ಹಾಗೆ ಬರೆದರೆ ಈ ಮಕ್ಕಳೇ ಬೀದಿಗೆ. ಬಹಳ ಯೋಚಿಸಿ ಬರೆದರು: ಹೊಸಬರನ್ನು ಸೇರಿಸಿಕೊಳ್ಳದಂತೆ ತಡೆಯಬೇಕು, ಈಗಿರುವ ಮಕ್ಕಳನ್ನು ಮೊದಲು ಬೇರೆ ಕಾಲೇಜುಗಳಿಗೆ ಸೇರಿಸಿ, ತರಬೇತಿ ಕೊಡಿಸಿ, ಆಮೇಲೆ ಮಾನ್ಯತೆ ತೆಗೆಯಬೇಕು. 'ಮೊದಲು' ಎಂಬ ಪದದ ಕೆಳಗೆ ಗೆರೆಯನ್ನೂ ಎಳೆದರು.

ಅಷ್ಟರಲ್ಲಿ ಇನ್ನೆಲ್ಲೋ ಒಂದು ಖಾಸಗಿ ಕಾಲೇಜಿನ ಅವ್ಯವಹಾರ ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವಾಗಿತ್ತು. ಮೇಲಿನವರಿಗೆ ತಾವು ಬಿಗಿ ಎಂದು ತೋರಿಸಬೇಕಾಗಿತ್ತು. ಇಷ್ಟು ವರ್ಷ ಷರತ್ತಿನಲ್ಲೇ ಕಾಲ ತಳ್ಳಿದ ಕಚೇರಿ ಈ ಸಲ ಒಂದೇ ಏಟಿಗೆ ಮಾನ್ಯತೆ ರದ್ದು ಮಾಡಿತು. ಮಕ್ಕಳ ಮಾತು ಆದೇಶದಲ್ಲಿ ಎಲ್ಲೂ ಇರಲಿಲ್ಲ. ಕಾಲೇಜಿನ ಮಾಲೀಕರು ಗೇಟಿಗೆ ಬೀಗ ಜಡಿದು ಕೈ ತೊಳೆದುಕೊಂಡರು.

ಅಕ್ಕ ಹೊಲಿಯುವುದನ್ನು ನಿಲ್ಲಿಸಿ ತಮ್ಮನನ್ನು ನೋಡಿದಳು. "ಇಷ್ಟು ದಿನ ನಿನ್ನ ಮಾತು ಒಬ್ರೂ ಕೇಳಲಿಲ್ಲ. ಮುಚ್ಚೋಕೆ ಮಾತ್ರ ಕೇಳಿದ್ರೇನೋ?"

ಅವರು ಓಡಾಡಿದರು. ಪರೀಕ್ಷೆ ನಡೆಸುವ ಮಂಡಳಿ, ಮಾನ್ಯತೆ ಇಲ್ಲದ ಕಾಲೇಜಿನವರನ್ನು ಕೂರಿಸಲಾಗದು, ನಿಮ್ಮ ಕಚೇರಿಯಿಂದಲೇ ವಿಶೇಷ ಆದೇಶ ತನ್ನಿ ಎಂದಿತು. ಇವರ ಕಚೇರಿ, ಪರೀಕ್ಷೆ ನಮಗೆ ಸೇರಿದ್ದಲ್ಲ, ಮಂಡಳಿಯೇ ತೀರ್ಮಾನಿಸಲಿ ಎಂದಿತು. ಎರಡು ಕಚೇರಿಗಳ ನಡುವೆ ಇದ್ದದ್ದು ಒಂದು ರಸ್ತೆ ಮಾತ್ರ. ಷರತ್ತಣ್ಣ ಆ ರಸ್ತೆ ದಾಟಿ ದಾಟಿ ಸವೆದರು. ದೂರದ ಕಾಲೇಜೊಂದು ಮೊದಲ ವರ್ಷದ ಮಕ್ಕಳನ್ನು ಸೇರಿಸಿಕೊಂಡಿತು. ಕೊನೆಯ ವರ್ಷದವರನ್ನು ಯಾರೂ ಮುಟ್ಟಲಿಲ್ಲ. "ಬೇರೆಯವ್ರು ಕೆಡಿಸಿದ್ದಕ್ಕೆ ನಾವ್ಯಾಕೆ ಹೆಸರು ಕೊಡ್ಬೇಕು?" ಎಂದು ಒಬ್ಬ ಪ್ರಾಂಶುಪಾಲರು ನೇರವಾಗಿಯೇ ಕೇಳಿದರು. ಅದರಲ್ಲಿ ತಪ್ಪೇನೂ ಕಾಣದೆ ಇವರು ಎದ್ದು ಬಂದರು.

ಕಚೇರಿಯ ಮೆಟ್ಟಿಲುಗಳ ಮೇಲೆ ತಂದೆತಾಯಿಗಳು ಬಂದು ಕೂರತೊಡಗಿದರು. ಒಮ್ಮೆ ಅವರ ನಡುವೆ ಅಕ್ಕನೂ ಇದ್ದಳು, ಪಕ್ಕದಲ್ಲಿ ಬುತ್ತಿ ಇಟ್ಟುಕೊಂಡು. ಅವಳನ್ನು ಕಂಡು ಷರತ್ತಣ್ಣ ತಡೆದು ನಿಂತರು. ಅವಳು ಬುತ್ತಿ ಸರಿಸಿ, ಅವರು ಹತ್ತಿ ಹೋಗಲು ದಾರಿ ಬಿಟ್ಟಳು.

ಪರೀಕ್ಷೆ ಆ ಮಕ್ಕಳನ್ನು ಬಿಟ್ಟೇ ನಡೆದುಹೋಯಿತು. ಗುಬ್ಬಿ ಈಗ ಒಂದು ಸ್ಕ್ಯಾನಿಂಗ್ ಸೆಂಟರಿನ ಮುಂದಿನ ಮೇಜಿನಲ್ಲಿ ಕೂತು ರೋಗಿಗಳನ್ನು ಹೆಸರು ಹಿಡಿದು ಕೂಗುತ್ತಾಳೆ. ಕಿವಿಯೋಲೆ, ಸರ ತೆಗೆದಿಡಿ ಎನ್ನುತ್ತಾಳೆ, ಒಳಗಿನ ಬಾಗಿಲವರೆಗೆ ಕರೆದೊಯ್ಯುತ್ತಾಳೆ. ಬಾಗಿಲ ಆಚೆ ಅವಳಿಗೆ ಅಪ್ಪಣೆ ಇಲ್ಲ. ಆ ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಒಂದು ದಿನ ಅವಳು ಅಂಗಡಿಯಲ್ಲಿ ತಾಯಿಗೆ ಗುಂಡಿ ಹಾಕಿಕೊಡುತ್ತಾ, ಆಗತಾನೆ ಬಂದ ಮಾವನ ಮುಂದೆ ಪಕ್ಕದ ಊರಿನ ಹೊಸ ಕಾಲೇಜೊಂದರ ಮಾತೆತ್ತಿದಳು. ಮತ್ತೆ ಮೊದಲ ವರ್ಷದಿಂದ ಓದಬೇಕು. ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು.

"ಅದು ಹೆಂಗಿದೆ ಮಾವ?"

"ಆ ಕಡೆಯ ತಪಾಸಣೆ ನನಗೆ ಬರಲ್ಲ ಕಣೆ. ನೋಡಿಲ್ಲ."

"ಸುಮ್ನೆ ಒಂದ್ಸಲ ನೋಡ್ಕೊಂಡು ಬನ್ನಿ. ಈ ಸಲ ನೀವು ಹೇಳಿದ್ಹಂಗೆ ಕೇಳ್ತೀನಿ."

ರಜೆಯ ದಿನ ಬಸ್ಸು ಹತ್ತಿ ಹೋದರು. ಕಾವಲುಗಾರ ಯಾರು ಎಂದು ಕೇಳಿದ. ಇಂಥವನು ಎಂದರು. "ಆರ್ಡರ್ ಇದೆಯಾ ಸಾರ್?" ಇರಲಿಲ್ಲ. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು, ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿದರು. ಒಳಗಿನದು ಕಾಣುವಂಥ ಒಂದು ಕಿಟಕಿಯೂ ಎಲ್ಲೂ ಸಿಗಲಿಲ್ಲ. ಹಿಂದಿರುಗಿದರು.

ತಾಯಿ ಮಗಳು ಇಬ್ಬರೂ ಕಾಯುತ್ತಾ ಕೂತಿದ್ದರು. ಷರತ್ತಣ್ಣ ಚಪ್ಪಲಿ ಬಿಟ್ಟು, ನೀರು ಕುಡಿದು, ಲೋಟ ಕೆಳಗಿಟ್ಟರು.

"ಗೇಟು ಚೆನ್ನಾಗಿದೆ ಕಣೆ" ಎಂದರು.

ಗುಬ್ಬಿ ತುಂಬ ದಿನಗಳ ಮೇಲೆ ನಕ್ಕಳು. ನಗುತ್ತಾ ನಗುತ್ತಾ ಮುಖ ಆ ಕಡೆ ತಿರುಗಿಸಿಕೊಂಡಳು. ಅಕ್ಕ ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗೆ ಸರಿಸಿದಳು. ಗುಬ್ಬಿ ಆ ಕಾಲೇಜಿಗೂ ಸೇರಲಿಲ್ಲ, ಬೇರೆಲ್ಲಿಗೂ ಸೇರಲಿಲ್ಲ.