ಬೆಳಕಿಗೆ ಹೆದರದ ಬಿಲ್ಲೆ

ನಮ್ಮೆಜಮಾನರು ಪತ್ರಿಕೆಯಲ್ಲಿ ಫೋಟೋ ತೆಗೆಯುತ್ತಿದ್ದರು. ಇಪ್ಪತ್ತು ವರ್ಷ ಮನೆಯ ಬಚ್ಚಲನ್ನೇ ಕತ್ತಲು ಮಾಡಿಕೊಂಡು ಫಿಲಂ ತೊಳೆದದ್ದಕ್ಕೆ ಆಫೀಸಿನವರು ಕತ್ತಲೆರಾಯರು ಅನ್ನುತ್ತಿದ್ದರು. ಒಂದು ಸಲ ನಾನು ಮರೆತು ಬಾಗಿಲು ತೆಗೆದು, ಬೆಳಕು ಬಿಟ್ಟು, ಯಾರದೋ ಮದುವೆಯನ್ನೇ ಬೆಳ್ಳಗೆ ಮಾಡಿಬಿಟ್ಟಿದ್ದೆ.

ಆಮೇಲೆ ಫಿಲಂ ಇಲ್ಲದ ಕ್ಯಾಮೆರಾ ಬಂತು. ಒಳಗೆ ಅಂಗೈಗಿಂತ ಚಿಕ್ಕ ಬಿಲ್ಲೆ, ಹಾಡಿನ ಟೇಪಿನ ಹಾಗೇ ಕಂದು ಲೇಪ. ಅದು ಗಿರ್ರನೆ ಒಂದು ಸುತ್ತು ತಿರುಗಿದರೆ ಒಂದು ಚಿತ್ರ. ಟೀವಿಗೆ ಸಿಕ್ಕಿಸಿ ನೋಡುವುದು.

"ರಾಯರೇ, ಇದರ ಮೊದಲ ಕೆಲಸವೇ ಕೆಟ್ಟರೆ ನಿಮಗೆ ರಜಾ. ಖಾಯಂ ರಜಾ," ಅಂದಿದ್ದರು ಸಂಪಾದಕರು.

ಕುಸಿದ ಗಣಿಯಿಂದ ನಾಲ್ವರನ್ನು ಜೀವಂತ ಎತ್ತಿದ್ದೇ ಆ ಮೊದಲ ಕೆಲಸ. ಅವತ್ತು ಇವರು ಮೈಯೆಲ್ಲ ಕೆಸರಾಗಿ ಮಧ್ಯಾಹ್ನ ಮನೆಗೆ ಬಂದರು. "ನಾಲ್ವರ ಮುಖವೂ ಇದರಲ್ಲಿದೆ, ಜೋಪಾನ," ಅಂತ ಬಿಲ್ಲೆ ನನ್ನ ಕೈಗಿಟ್ಟು ಬಚ್ಚಲಿಗೆ ಹೋದರು. ನಾನು ಮೈಯೆಲ್ಲ ಕಣ್ಣಾಗಿ, ಅದಕ್ಕೆ ಕಪ್ಪು ಬಟ್ಟೆ ಸುತ್ತಿ, ಹೊಲಿಗೆ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದೆ.

ಅವರು ಬಂದು ಡಬ್ಬಿ ತೆಗೆದವರೇ ಹಾಗೇ ನಿಂತರು. ಸೂಜಿ ಹೆಕ್ಕುವ ಅಯಸ್ಕಾಂತ ಬಿಲ್ಲೆಯ ಅಂಚಿಗೆ ಒರಗಿಕೊಂಡಿತ್ತು.

"ಇದರಲ್ಲಿ ಯಾಕೇ ಇಟ್ಟೆ?"

"ಬೆಳಕು ಬೀಳಬಾರದಲ್ವಾ?"

"ಬೆಳಕಿಂದ ಇದಕ್ಕೇನೂ ಆಗಲ್ಲ ಕಣೇ. ಅಯಸ್ಕಾಂತ ತಾಗಿದ್ರೆ ಟೇಪಲ್ಲಿ ಹಾಡು ಅಳಿಸಿಹೋಗುತ್ತಲ್ಲ, ಹಾಗೇ ಇದೂ."

ಮನೆಯಲ್ಲಿ ಕೂರಲಾರದೆ ನಾನೂ ಅವರ ಜೊತೆ ಆಫೀಸಿಗೆ ಹೋದೆ.

ಟೀವಿಯಲ್ಲಿ ಮೊದಲ ಚಿತ್ರ ಬಂತು. ಮೂವರು ನಿಂತಿದ್ದರು, ಮುಖ ಸ್ಪಷ್ಟ. ಕೆಳಗೆ ಅಡ್ಡಡ್ಡ ಬಿಳಿ ಚುಕ್ಕೆಗಳ ಪಟ್ಟಿ. ಕೆಳಗೆ ಮಲಗಿಸಿದ್ದ ನಾಲ್ಕನೆಯವನು ಆ ಪಟ್ಟಿಯೊಳಗೇ ಹೋಗಿದ್ದ. ಎರಡನೆಯ ಚಿತ್ರದಲ್ಲೂ ಅಲ್ಲೇ, ಮೂರನೆಯದರಲ್ಲೂ ಅಲ್ಲೇ. ಒಂದು ಸುತ್ತಿಗೆ ಒಂದು ಚಿತ್ರವಾದ್ದರಿಂದ, ಬಿಲ್ಲೆಯ ಒಂದು ಪಕ್ಕ ಕೆಟ್ಟರೆ ಪ್ರತಿ ಚಿತ್ರದಲ್ಲೂ ಅದೇ ಜಾಗ ಕೆಡುತ್ತದಂತೆ.

"ಬದುಕಿದ್ದಾನೋ ಇಲ್ಲವೋ ಅಂತ ಅವನ ತಾಯಿ ಬೆಳಗ್ಗಿಂದ ಫೋನ್ ಮಾಡ್ತಿದ್ದಾರೆ," ಅಂದರು ಸಂಪಾದಕರು. "ಇದು ಯಾರ ಕೆಲಸ?"

"ನನ್ನದು," ಅಂದೆ.

"ನಾನು ಸರಿಯಾಗಿ ಹೇಳಿಕೊಡ್ಲಿಲ್ಲ ಸಾರ್," ಅಂದರು ಇವರು. ಒಂದೊಂದೇ ಚಿತ್ರಕ್ಕೆ ಗುಂಡಿ ಒತ್ತುತ್ತಾ ಹೋದರು.

ಹನ್ನೊಂದನೆಯ ಚಿತ್ರ ಅಡ್ಡಕ್ಕೆ ಮಲಗಿತ್ತು. ಅದೊಂದನ್ನು ಇವರು ಕ್ಯಾಮೆರಾ ನೆಟ್ಟಗೆ ತಿರುಗಿಸಿ ತೆಗೆದಿದ್ದರು. ಸಂಪಾದಕರು ಕುತ್ತಿಗೆ ಓರೆ ಮಾಡಿದರು, ನಾವೂ ಮಾಡಿದೆವು. ಈ ಸಲ ಪಟ್ಟಿ ಪಕ್ಕಕ್ಕೆ ಬಂದು ಬರೀ ಬಂಡೆಯ ಮೇಲೆ ಬಿದ್ದಿತ್ತು. ನಾಲ್ಕನೆಯವನು ಕಣ್ಣು ಬಿಟ್ಟು ನೋಡುತ್ತಿದ್ದ.

"ಇದೇ ಅಚ್ಚಿಗೆ ಹೋಗಲಿ," ಅಂದು ಸಂಪಾದಕರು ಫೋನ್ ಎತ್ತಿಕೊಂಡರು.

ಕ್ಯಾಮೆರಾ ಇವರ ಹೆಗಲಲ್ಲೇ ಉಳಿಯಿತು. ನಾನು ಮಾತ್ರ ಆಮೇಲೆ ಒಂದು ಬಿಲ್ಲೆಯನ್ನೂ ಮುಟ್ಟಲಿಲ್ಲ.