ಕಟ್ಟೆಯ ಮುಂದಿನ ಹಗೇವು

"ಈ ಸಲ ಜೋಳ ಎಷ್ಟಾದ್ವಬೇ?" ಎಂದು ಯಾರಾದರೂ ಕೇಳಿದರೆ ನಮ್ಮತ್ತೆ, "ಎಲ್ಲೀವು ಯವ್ವಾ, ಹಕ್ಕಿ ತಿಂದ್ ಬಿಟ್ಟದ್ದು ನಮಗ," ಎನ್ನುತ್ತಿದ್ದಳು. ಅವಳು ಆ ಮಾತು ಹೇಳುವಾಗ ನಮ್ಮ ಕಟ್ಟೆಯ ಮುಂದಿನ ಹಗೇವು ಕಂಠಮಟ್ಟ ತುಂಬಿರುತ್ತಿತ್ತು. ಕೇಳಿದವಳಿಗೂ ಅದು ಗೊತ್ತಿರುತ್ತಿತ್ತು. ಮನೆಯಲ್ಲಿ ಕಾಳು ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಿದರೆ ಕಾಳಿನ ಏಳಿಗೆ, ಬರಕತ್ತು ಹೋಗುತ್ತದೆಂಬ ನಂಬಿಕೆ ನಮ್ಮ ಓಣಿಯ ಎಲ್ಲ ಹೆಂಗಸರದ್ದೂ ಆಗಿತ್ತು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನಗೂ ಅದನ್ನು ಕಲಿಸಿದ್ದಳು.

ಹಗೇವು ಎಂದರೆ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಕಾಳಿನ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಮಾತ್ರ ದೊಡ್ಡದು. ತಳಕ್ಕೂ ಗೋಡೆಗೂ ಜೋಳದ ಒಣದಂಟಿನ ಕಣಿಕೆ ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ಗಾಳಿ ಆಡದು, ನುಸಿ ಹತ್ತದು. ತೆಗೆಯುವಾಗ ಮೊದಲು ಒಳಗಿನ ಕೆಟ್ಟ ಗಾಳಿ ಹೋಗಲು ಬಿಡಬೇಕು. ಆಮೇಲೆ ಕಂದೀಲು ಇಳಿಸಿ ನೋಡಬೇಕು. ಕಂದೀಲು ಆರದಿದ್ದರೆ ಮನುಷ್ಯ ಇಳಿಯಬಹುದು.

ರೋಣದಿಂದ ನರೇಗಲ್ ಕಡೆಗೆ ಹೋಗುವ ದಾರಿಯ ಊರು ನಮ್ಮದು. ಸ್ವಂತ ಹೊಲ ಮಾವನ ಕಾಲಕ್ಕೇ ಕೈಬಿಟ್ಟಿತ್ತು. ಗಂಡ ಗೋವಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ. ಅತ್ತೆ ಮತ್ತು ನಾನು ಊರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದೆವು. ಜೋಳದ ಸುಗ್ಗಿಯಲ್ಲಿ ಕೂಲಿ ಎಂದರೆ ಕಾಳೇ. ಬಿಳಿಜೋಳದ ಬುಟ್ಟಿ ತಲೆಯ ಮೇಲೆ ಹೊತ್ತು ಬಂದು ಹಗೇವು ತುಂಬಿಸಿ ಮಣ್ಣು ಮೆತ್ತಿದ ದಿನ ಅತ್ತೆ ಒಂದು ಚರಿಗೆ ನೀರು ಕುಡಿದು ಕಟ್ಟೆಯ ಮೇಲೆ ಕಾಲು ಚಾಚುತ್ತಿದ್ದಳು. ಮುಂದಿನ ಸುಗ್ಗಿಯವರೆಗೆ ನಮ್ಮ ರೊಟ್ಟಿಗೆ ಯಾರ ಹಂಗೂ ಇಲ್ಲ. ಆಹಾರ ಭದ್ರತೆ ಎಂಬ ಮಾತನ್ನು ನಾನು ಆಮೇಲೆಂದೋ ಕೇಳಿದೆ. ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗೆ ಹಗೇವು ತುಂಬಿದ್ದ ಒಂದು ವರ್ಷ ಸರ್ಕಾರ ನಮ್ಮ ಓಣಿಗೆ ಎರಡು ಕಾಲಿನಲ್ಲಿ ಬಂತು. ಒಂದು ಕಾಲು ರೇಷನ್ ಕಾರ್ಡಿನ ಸರ್ವೆ. ಬಡವರ ಕಾರ್ಡು ಯಾರಿಗೆ ಉಳಿಯಬೇಕು, ಯಾರಿಗೆ ತೆಗೆಯಬೇಕು ಎಂದು ಮನೆಮನೆ ಹೊಕ್ಕು ನೋಡುವುದು. ಇನ್ನೊಂದು ಕಾಲು ಸಿಮೆಂಟ್ ರಸ್ತೆ. ಮಾರ್ಚ್ ಮುಗಿಯುವುದರೊಳಗೆ ದುಡ್ಡು ಖರ್ಚಾಗಬೇಕಿತ್ತಂತೆ, ಹಾಗಾಗಿ ಓಣಿಗೆ ರಸ್ತೆ, ಪಕ್ಕಕ್ಕೆ ಗಟಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಸರ್ವೆಯವನು ನಮ್ಮ ಪಡಸಾಲೆಯಲ್ಲಿ ನಿಂತು, "ಮನ್ಯಾಗ ಕಾಳು ಕಡಿ ಎಷ್ಟೈತಬೇ?" ಎಂದ.

ಅತ್ತೆ ಖಾಲಿ ಮೊರ ತೋರಿಸಿದಳು. "ಇಷ್ಟ ನೋಡಪಾ."

ಅದರಲ್ಲಿ ಅವಳಿಗೆ ಸುಳ್ಳು ಹೇಳಿದಂತೆಯೇ ಅನ್ನಿಸಿರಲಿಕ್ಕಿಲ್ಲ. ಜೀವಮಾನವೆಲ್ಲ ನೆರೆಯವರಿಗೆ ಹೇಳಿದ್ದನ್ನೇ ಸರ್ಕಾರಕ್ಕೂ ಹೇಳಿದಳು.

ಎರಡು ದಿನಕ್ಕೆ ಗಟಾರ ತೋಡುವವರು ಬಂದರು. ಕಂತ್ರಾಟುದಾರ ನಮ್ಮ ಕಟ್ಟೆಯ ಮುಂದೆ ನಿಂತು ನೆಲ ತುಳಿದು ನೋಡಿ, "ಇಲ್ಲಿ ತಳಗ ಹಗೇವು ಗಿಗೇವು ಐತೇನ್ರಿ? ಇದ್ರ ಈಗ ಹೇಳ್ರಿ, ಗಟಾರ ಆ ಕಡಿ ಸರಿಸ್ತೀವಿ," ಎಂದ. ಒಳ್ಳೆಯ ಮನುಷ್ಯನೇ. ಆದರೆ ಸರ್ವೆಯವನು ಇನ್ನೂ ಅದೇ ಓಣಿಯ ಆಚೆ ತುದಿಯಲ್ಲಿ ಕುಳಿತಿದ್ದ.

ನಾನು ಅತ್ತೆಯನ್ನು ಒಳಗೆ ಕರೆದು, "ಅತ್ತಿ, ಹೇಳಿಬಿಡ್ರಿ. ನೀರು ಹೊಕ್ಕರ ಎಲ್ಲಾ ಹೋಗ್ತಾವು," ಎಂದೆ.

"ಹೇಳಿದರ ಕಾರ್ಡ್ ಹೋಗತೈತಿ. ಬಾಯಿ ಮುಚ್ಚು."

"ಕಾರ್ಡಿನ್ಯಾಗ ಕೊಡೋದು ಅಕ್ಕಿ. ಅಕ್ಕಿಲೆ ರೊಟ್ಟಿ ಬಡೀತೀರೇನು?"

"ಎಲ್ಲಾ ವರ್ಷ ಸುಗ್ಗಿ ಹಿಂಗ ಇರ್ತೈತೇನ? ನಿನಗ ತಿಳಿಯಂಗಿಲ್ಲ," ಎಂದು ಹೊರಗೆ ಹೋಗಿ ಕಂತ್ರಾಟುದಾರನಿಗೆ ಹೇಳಿದಳು: "ಏನೂ ಇಲ್ಲಪಾ. ಗಟಾರ ಹಡ್ಡು."

ಸಿಟ್ಟು ನೆತ್ತಿಗೇರಿ ಒಲೆಯ ಮುಂದೆ ಕುಳಿತೆ. ಈಗ ಆ ಸಿಟ್ಟು ಅತ್ತೆಯ ಮೇಲಿಲ್ಲ. ನಮ್ಮ ಊರಿನ ಎರೆಹೊಲದಲ್ಲಿ ಬೆಳೆಯುವ ಜೋಳವನ್ನು ಸರ್ಕಾರ ಕಣ್ಣೆತ್ತಿ ನೋಡದೆ, ಎಲ್ಲಿಯದೋ ನೀರಾವರಿಯ ಅಕ್ಕಿ ತಂದು ನಮಗೆ ಹಾಕುತ್ತದೆ. ಆ ಅಕ್ಕಿ ಬೇಕಾದರೆ ಮನೆಯ ಜೋಳ ಮುಚ್ಚಿಡಬೇಕು. ಕೂಡಿಟ್ಟು ಉಣ್ಣುವವಳು ಬಡವಳಲ್ಲ, ಕೈಚಾಚಿದವಳು ಬಡವಳು. ಇಂಥ ಲೆಕ್ಕ ಮಾಡಿದವರು ಯಾರು? ಅವರ ಮನೆಯಲ್ಲಿ ಯಾರೂ ಒಂದು ಮುಷ್ಟಿ ಕಾಳು ನಾಳೆಗೆಂದು ಎತ್ತಿಟ್ಟವರೇ ಇರಲಿಲ್ಲವೇ?

ಗಟಾರ ಹಗೇವಿನ ಬಾಯಿಯ ಪಕ್ಕದಲ್ಲೇ ಹಾದುಹೋಯಿತು. ಎರಡೂ ಬದಿಗೆ ಸಿಮೆಂಟು ಬಂತು, ತಳಕ್ಕೆ ಬರುವುದರೊಳಗೆ ದುಡ್ಡು ಮುಗಿಯಿತು. ಬೇಸಿಗೆಯೆಲ್ಲ ಓಣಿಯ ಬಚ್ಚಲ ನೀರು ಅಲ್ಲಿ ನಿಂತಿತು. ಜೋಳ ತೆಗೆದುಬಿಡೋಣ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಹಗಲಾಗಲಿ, ರಾತ್ರಿ ಕಂದೀಲು ಹಚ್ಚಿಯಾಗಲಿ ಚೀಲ ಎತ್ತಿದರೆ ಊರೆಲ್ಲ ನೋಡುತ್ತದೆ, ಕಾರ್ಡು ತೆಗೆಯಿರೆಂದು ಯಾರಾದರೂ ಅರ್ಜಿ ಕೊಡುತ್ತಾರೆ ಎಂದು ಅವಳು ಒಪ್ಪಲಿಲ್ಲ. ಮೂರು ತಲೆಮಾರಿನ ಮಳೆಗೆ ಹನಿ ನೀರು ಇಳಿಯದ ಹಗೇವು ಎಂಬ ಭರವಸೆಯೂ ಇತ್ತು. ಮಳೆನೀರು ಹರಿದುಹೋಗುತ್ತದೆ, ಗಟಾರದ ನೀರು ನಿಲ್ಲುತ್ತದೆ. ಅವಳ ಅನುಭವದಲ್ಲಿ ಗಟಾರ ಇರಲಿಲ್ಲ.

ಹಗೇವಿಗೆ ಹಾಕದೆ ಒಳಗಿಟ್ಟುಕೊಂಡಿದ್ದ ಕಾಳು ಶ್ರಾವಣದಲ್ಲಿ ತೀರಿತು. ಚಪ್ಪಡಿ ಸರಿಸಿದಾಗ ಬಂದ ನಾತಕ್ಕೆ ಕಂದೀಲು ಇಳಿಸುವ ಮಾತೇ ಬರಲಿಲ್ಲ. ಪಕ್ಕದ ಮನೆಯವರು ಸಲಿಕೆ ಹಿಡಿದು ಬಂದರು. ಜೋಳ ಕರ್ರಗಾಗಿ ಹೆಂಟೆಗಟ್ಟಿತ್ತು. ನಡುವೆ ಒಂದಿಷ್ಟಾದರೂ ಒಣಗಿದ್ದು ಸಿಕ್ಕೀತೆಂದು ಅತ್ತೆ ಹೆಂಟೆ ಹೆಂಟೆ ಒಡೆದು ನೋಡಿದಳು. ಪಕ್ಕದ ಮನೆಯ ಎಮ್ಮೆಗೆ ಹಾಕಿದರೆ ಅದೂ ಮೂಸಿ ಮುಖ ತಿರುವಿತು. ಎಲ್ಲವನ್ನೂ ತಿಪ್ಪೆಗೆ ಹೊತ್ತೆವು. ಅತ್ತೆ ಅಳಲಿಲ್ಲ, ಅತ್ತವಳು ನಾನು.

ಕಾರ್ಡು ಉಳಿಯಿತು. "ಜೋಳ ತಿಂದವ ತೋಳ, ಅಕ್ಕಿ ತಿಂದವ ಹಕ್ಕಿ" ಎಂದು ಎಲ್ಲರನ್ನೂ ಛೇಡಿಸುತ್ತಿದ್ದ ಅತ್ತೆ ರೇಷನ್ ಕೊಡುವ ಸೊಸೈಟಿಯ ಪಾಳಿಯಲ್ಲಿ ಚೀಲ ಹಿಡಿದು ನಿಂತಳು. ಮುಂದಿನ ಸುಗ್ಗಿಗೆ ತುಂಬಿಕೊಳ್ಳೋಣ ಎಂದರೆ, ನಾವು ಹೋಗುತ್ತಿದ್ದ ಹೊಲಗಳಿಗೆಲ್ಲ ಹತ್ತಿ ಮತ್ತು ಕಡಲೆ ಬಂದಿದ್ದವು. ಕೂಲಿ ರೊಕ್ಕದಲ್ಲಿ ಬಂತು. ರೊಕ್ಕವನ್ನು ಹಗೇವಿಗೆ ಹಾಕಲು ಬರುವುದಿಲ್ಲ.

ಅದಾದ ವರ್ಷ ರೋಣದಲ್ಲಿ ಒಂದು ಸಭೆ ಮಾಡಿ, ಆಹಾರ ಭದ್ರತೆಯ ಭಾಷಣ ಮುಗಿದ ಮೇಲೆ, ಕಾಳು ಇಡಲು ತಗಡಿನ ಡಬ್ಬಿ ಹಂಚಿದರು. ಎದೆಮಟ್ಟದ ಹೊಸ ಡಬ್ಬಿ. ರೇಷನ್ ಅಕ್ಕಿ ಸುರಿದರೆ ಅದರ ತಳ ಮುಚ್ಚುತ್ತಿತ್ತು, ಅಷ್ಟೇ. ತಿಂಗಳ ಕೊನೆಗೆ ಅತ್ತೆ ಬಗ್ಗಿ ಅಕ್ಕಿ ತೆಗೆಯುವಾಗ ಬಟ್ಟಲಿನಂಥ ವಾಟಗ ತಳಕ್ಕೆ ತಾಗಿ ಕರಕರ ಸದ್ದು ಬರುತ್ತಿತ್ತು. ಡಬ್ಬಿ ಬರಿದಾಯಿತೆಂದು ಆ ಸದ್ದು ಪಕ್ಕದ ಮನೆಗೂ ಹೇಳುತ್ತಿತ್ತು.

ಒಂದು ಮುಂಜಾನೆ ನೋಡಿದೆ. ಅತ್ತೆ ವಾಟಗ ಬದಿಗಿಟ್ಟು, ಡಬ್ಬಿಯೊಳಗೆ ಅರ್ಧ ಮೈ ಇಳಿಸಿ, ಬರಿಗೈಯಿಂದ ಸದ್ದಿಲ್ಲದೆ ಅಕ್ಕಿ ಬಳಿಯುತ್ತಿದ್ದಳು.