ಅವನ ಬೆಸುಗೆ, ನನ್ನ ಹೆಸರು

ನನ್ನನ್ನು ಈ ದೇಶಕ್ಕೆ ಕರೆತಂದ ಬೆಸುಗೆ ನನ್ನದಲ್ಲ. ಅದನ್ನು ಹಾಕಿದವನು ನಿಂಗರಾಜು. ಅವನ ಕೆಲಸದ ವೀಡಿಯೊವನ್ನು ನನ್ನ ಅರ್ಜಿಗೂ ನನ್ನ ಕೆಲಸದ ವೀಡಿಯೊವನ್ನು ಅವನ ಅರ್ಜಿಗೂ ಲಗತ್ತಿಸಿದವನು ನಾನು. ಕೈತಪ್ಪಿ ಆದದ್ದಲ್ಲ. ಕೈತಪ್ಪಿ ಆಯಿತೆಂದು ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ — ನಂಬಿಕೆ ಬರಲಿಲ್ಲ.

ಇಲ್ಲಿನ ಕನ್ನಡ ಸಂಘದ ಸಂಚಿಕೆಗೆ, ಹೊಸದಾಗಿ ವಲಸೆ ಬಂದವರಿಗೆ ಹಿತವಚನವಾಗಿ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ನನಗೆ ಆ ಅರ್ಹತೆ ಇದೆಯೆಂದು ಅವರ ಭಾವನೆ. ಕೆನಡಾದ ಗೋಧಿ ಸೀಮೆಯ ಈ ಊರಿನಲ್ಲಿ ಹನ್ನೊಂದು ಚಳಿಗಾಲ ಕಂಡವನು, ಖಾಯಂ ವಾಸದ ಕಾರ್ಡು ಪಡೆದವನು, ಸ್ವಂತ ಮನೆಯ ಮುಂದಿನ ಹಿಮವನ್ನು ಸ್ವಂತ ಸಲಿಕೆಯಿಂದ ಎತ್ತಿಹಾಕುವ ಘನತೆವೆತ್ತ ಗೃಹಸ್ಥ. ಸಂತೋಷದಿಂದಲೇ ಕುಳಿತೆ. ಕಿವಿ ಮುಚ್ಚುವ ಟೋಪಿ ಕೊಳ್ಳಿ ಎಂದು ಬರೆದೆ. ಮೊದಲ ಚಳಿಗಾಲದಲ್ಲಿ ಊರಿಗೆ ಫೋನು ಮಾಡಿ ಅಳಬೇಡಿ, ಅಳುವುದಿದ್ದರೆ ಎರಡನೆಯದರಲ್ಲಿ ಅಳಿ, ಆಗ ಕಾರಣಗಳಾದರೂ ಗೊತ್ತಿರುತ್ತವೆ ಎಂದೂ ಬರೆದೆ. ಆಮೇಲೆ ‘ನನಗೆ ಇಲ್ಲಿ ನೆಲೆ ಸಿಕ್ಕಿದ್ದು ಹೇಗೆಂದರೆ’ ಎಂದು ಶುರು ಮಾಡಿದ ವಾಕ್ಯ ಮುಂದೆ ಹೋಗಲಿಲ್ಲ.

ಆ ವಾಕ್ಯದ ಉಳಿದ ಭಾಗ ಇದು.

ಗಾವಡಗೆರೆಯಲ್ಲಿ ರಸ್ತೆ ಬದಿಗೆ ನಮ್ಮದೊಂದು ತಗಡಿನ ಶೆಡ್ಡಿತ್ತು. ಮೇಲೆ ಎಂಜಿನಿಯರಿಂಗ್ ವರ್ಕ್ಸ್ ಎಂಬ ಬೋರ್ಡು. ಎಂಜಿನಿಯರು ಯಾರೂ ಇರಲಿಲ್ಲ. ನಾನು ಮತ್ತು ನಿಂಗರಾಜು ಒಂದೇ ಊರಿನವರು, ಇಬ್ಬರ ಮನೆಯವರೂ ಹೊಗೆಸೊಪ್ಪು ಬೆಳೆಯುವವರು, ಐಟಿಐಗೂ ಒಟ್ಟಿಗೇ ಸೇರಿದವರು. ನಾನು ಪುಸ್ತಕದ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದೆ, ಅವನು ಎರಡು ಸಲ ಬರೆದು ಹೇಗೋ ದಾಟಿದ. ಕೈಕೆಲಸದ ವಿಷಯ ಬಂದರೆ ಲೆಕ್ಕ ತಿರುಗಾಮುರುಗಾ.

ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಬ್ಯಾರನ್ ಮನೆಗಳ ಒಳಗೆ ಬಿಸಿ ಹೊಗೆ ಹರಿಯುವ ತಗಡಿನ ಕೊಳವೆಗಳಿರುತ್ತವೆ. ಪ್ರತಿ ವರ್ಷ ಎಲ್ಲೋ ಒಂದು ಕಡೆ ಒಡೆಯುತ್ತವೆ. ತೆಳು ತಗಡು — ಬಿಸಿ ಹೆಚ್ಚಾದರೆ ತೂತು ಬೀಳುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ, ಹೊಗೆ ಸೋರಿದರೆ ಒಂದು ಬ್ಯಾರನ್ ಸೊಪ್ಪಿನ ಬಣ್ಣವೇ ಕೆಡುತ್ತದೆ. ಹಾಗಾಗಿ ಹಾರನಹಳ್ಳಿ ಕಡೆಯಿಂದಲೂ ರೈತರು ಬಂದು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, “ನೀವು ಕೂತ್ಕಳಿ ಕಂಠಣ್ಣ, ನಿಂಗಣ್ಣನ್ನ ಕರೀರಿ” ಎನ್ನುತ್ತಿದ್ದರು. ನಾನು ಕೂತುಕೊಳ್ಳುತ್ತಿದ್ದೆ. ಅಳತೆ ಬರೆದುಕೊಳ್ಳುವುದು, ಮಾತಾಡುವುದು, ಬಂದವರಿಗೆ ಟೀ ತರಿಸುವುದು — ಸದರಿ ಸಂಸ್ಥೆಯಲ್ಲಿ ನನ್ನ ಹುದ್ದೆ ಇಷ್ಟು. ಆಗ ನೋವೇನೂ ಆಗುತ್ತಿರಲಿಲ್ಲ ಅಂದುಕೊಂಡಿದ್ದೆ. ಆಗುತ್ತಿತ್ತು ಅಂತ ಕಾಣುತ್ತದೆ.

ಕೆನಡಾದಲ್ಲಿ ಬಿತ್ತನೆ ಯಂತ್ರ ಮಾಡುವ ಕಾರ್ಖಾನೆಯೊಂದಕ್ಕೆ ವೆಲ್ಡರ್‌ಗಳು ಬೇಕೆಂಬ ಸುದ್ದಿ ಮೈಸೂರಿನ ಏಜೆಂಟನೊಬ್ಬನಿಂದ ಬಂತು. ಅರ್ಜಿ ತುಂಬಬೇಕು, ಕೆಲಸ ಮಾಡುವ ವೀಡಿಯೊ ಕಳಿಸಬೇಕು. ಆಯ್ಕೆಯಾಗಿ ಎರಡು ವರ್ಷ ದುಡಿದರೆ ಅಲ್ಲಿಯೇ ನೆಲೆಸಲು ಶಿಫಾರಸು ಮಾಡುತ್ತಾರೆ, ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು.

“ನಿನ್ ಇಂಗ್ಲಿಷು, ನನ್ ಕೈ. ಇಬ್ರೂ ಒಂಟೋಗಾನ ಕಣ್ಲಾ” ಅಂದ ನಿಂಗರಾಜು. “ಈ ಗೇಟು, ಕೊಳ್ವೆ, ಕಿಟಕಿ ಸರಳು ಮಾಡಿ ಸಾಕಾಗೋಗದೆ. ಒಂದ್ಸಲ ಏನಾರ ದೊಡ್ದು ಮಾಡ್ಬೇಕು.”

ವೀಡಿಯೊ ತೆಗೆಯಲು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು, ಕೈಗವಸು, ಚರ್ಮದ ಅಂಗಿ ಕಡ್ಡಾಯ ಎಂದಿದ್ದರು. ಅಲ್ಲಿಯವರೆಗೆ ನಾವು ಒಂದು ಕೈಯಲ್ಲಿ ಕಪ್ಪು ಗಾಜು ಹಿಡಿದೇ ಸಂಸಾರ ನಡೆಸಿದವರು. ಮೈಸೂರಿಗೆ ಹೋಗಿ ತಂದೆವು. ಹಾಕಿಕೊಂಡ ನಿಂಗರಾಜು, “ಚಂದ್ರಲೋಕಕ್ಕೆ ಒಂಟಂಗದೆ. ಮಾದೇವಿ ನೋಡುದ್ರೆ ಕದ ತಗಿಯಲ್ಲ” ಎಂದ. ಮಹದೇವಿ ಅವನ ಹೆಂಡತಿ. ಆ ವೇಷದೊಳಗೆ ಯಾರಿದ್ದರೂ ಒಂದೇ — ಆಗ ನಾನೂ ನಕ್ಕೆ.

ಅವನು ಬೆಸುಗೆ ಹಾಕಿದಾಗ ಫೋನು ನಾನು ಹಿಡಿದೆ. ಮೇಲೆ ಕಟ್ಟಿದ ಗಸಿ ಕೆರೆದು ನೋಡಿದರೆ ಮೀನಿನ ಹುರುಪೆ ಜೋಡಿಸಿದಂತೆ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಆಮೇಲೆ ನನ್ನದು, ಅವನು ಫೋನು ಹಿಡಿದ. ನನ್ನ ಬೆಸುಗೆ ಕೋಳಿ ಕೆದರಿದ ತಿಪ್ಪೆ. ಅವನು ಬಗ್ಗಿ ನೋಡಿ, “ಪರ್ವಾಗಿಲ್ಲ ಬುಡು. ಇನ್ನೊಂದ್ಸಲ ಆಕು, ಆತ್ರ ಬೀಳ್ಬ್ಯಾಡ” ಎಂದ. ಸಾಕು ಎಂದೆ. ಸಿಟ್ಟು ಬಂದಿತ್ತು. ಅವನ ಮೇಲೆ.

ಮಾರನೆಯ ದಿನ ಹುಣಸೂರಿನ ಕಂಪ್ಯೂಟರ್ ಅಂಗಡಿಗೆ ನಾನೊಬ್ಬನೇ ಹೋದೆ. “ನಂಗೇನ್ ಗೊತ್ತಾಯ್ತದೆ, ನೀನೇ ಕಳ್ಸು” ಎಂದು ಅವನು ಕೊಳವೆಯ ಕೆಲಸಕ್ಕೆ ಉಳಿದ. ಪರದೆಯ ಮೇಲೆ ಎರಡು ಅರ್ಜಿ, ಎರಡು ವೀಡಿಯೊ. ನನ್ನ ಹೆಸರಿನ ಕೆಳಗೆ ಅವನದನ್ನು ಲಗತ್ತಿಸಿದೆ. ಇಷ್ಟೇ ಆಗಿದ್ದರೆ ದುರಾಸೆ ಎನ್ನಬಹುದಿತ್ತು. ಆದರೆ ಅವನ ಅರ್ಜಿ ಇನ್ನೂ ಖಾಲಿ ಇತ್ತು. ಅಲ್ಲಿಗೂ ಅವನದನ್ನೇ ಹಾಕಿದರೆ ಎರಡೂ ಒಂದೇ ಎಂದು ಸಿಕ್ಕಿಬೀಳುತ್ತೇನೆ... ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಪಕ್ಕದಲ್ಲಿ ಯಾರೋ ಪಹಣಿ ತೆಗೆಸುತ್ತಿದ್ದರು. ಆಮೇಲೆ ಅವನ ಹೆಸರಿನ ಕೆಳಗೆ ನನ್ನ ತಿಪ್ಪೆಯನ್ನು ಹಾಕಿ ಕಳಿಸಿದೆ.

ಎರಡೂ ಉತ್ತರ ನನ್ನ ಮೇಲ್‌ಗೇ ಬಂದವು. ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಅವನಿಗೆ, ಕೆಲಸದ ಗುಣಮಟ್ಟ ನಮಗೆ ಬೇಕಾದಷ್ಟಿಲ್ಲ, ವಿಷಾದಿಸುತ್ತೇವೆ ಎಂದು. ಶೆಡ್ಡಿನಲ್ಲಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಓದಿ ಹೇಳಿದೆ.

“ನಿನ್ ವೆಲ್ಡಿಂಗು ಸಾಲ್ದಂತೆ ಕಣ್ಲಾ.”

“ವೆಲ್ಡಿಂಗಾ? ಇಂಗ್ಲಿಷು ಸಾಲ್ದು ಅಂದಿರ್ಬೇಕು. ಸರ್ಯಾಗ್ ಓದು.”

“ವೆಲ್ಡಿಂಗೇ.”

ಇಂಗ್ಲಿಷು ಎನ್ನಬಹುದಿತ್ತು. ಅವನೇ ದಾರಿ ತೋರಿಸಿದ್ದ. ಇಂಗ್ಲಿಷು ಬಾರದೆ ಸೋತಿದ್ದರೆ ಅವನು ನಕ್ಕು ಮತ್ತೆ ವೆಲ್ಡಿಂಗ್ ರಾಡು ಕೈಗೆತ್ತಿಕೊಳ್ಳುತ್ತಿದ್ದ. ಸುಳ್ಳು ಹೇಳಲು ನಿಂತವನು ಒಂದು ಒಳ್ಳೆಯ ಸುಳ್ಳನ್ನಾದರೂ ಹೇಳಬಹುದಿತ್ತಲ್ಲ — ಆ ಹೊತ್ತಿನಲ್ಲಿ ನನಗೆ ಪ್ರಾಮಾಣಿಕ ಅನುವಾದಕನಾಗುವ ಹುಕಿ ಬಂತು. ಯಾಕೆ ಎಂದು ಈಗ ಗೊತ್ತಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಿನ್ನ ಬೆಸುಗೆ ಸಾಲದು ಎಂಬ ಮಾತು ಅವನಿಗೆ ಒಂದು ಸಲವಾದರೂ ಕೇಳಿಸಲಿ ಎಂದು ಆಸೆಯಿತ್ತು.

ಭಾಷೆ ಬಾರದವನು ಹೇಗೂ ಹೋಗಲಾರದವನೇ, ನಾನು ಕಸಿದದ್ದೇನಿದೆ — ಈ ಸಮಾಧಾನವನ್ನು ವಾರವೊಂದು ಇಟ್ಟುಕೊಂಡೆ. ಸಂದರ್ಶನದಲ್ಲಿ ಆ ಕಾರ್ಖಾನೆಯ ಮೇಸ್ತ್ರಿ ಅದನ್ನೂ ಕಿತ್ತುಕೊಂಡ. ನನ್ನ ಇಂಗ್ಲಿಷನ್ನು ಮೆಚ್ಚಿ, ಇದು ಇಲ್ಲದಿದ್ದರೂ ನಡೆಯುತ್ತಿತ್ತು, ನಮ್ಮಲ್ಲಿ ಅರ್ಧ ಜನ ಭಾಷೆ ಬಾರದೆಯೇ ಬಂದವರು, ಸಂಜೆ ಪಾಠ ಇಟ್ಟಿದ್ದೇವೆ, ಇಂಥ ಕೈ ಇರುವವನಿಗೆ ಮಾತು ನಾವೇ ಕಲಿಸುತ್ತೇವೆ ಎಂದ. ನಾನು ಧನ್ಯವಾದ ಹೇಳಿದೆ.

ಹೊರಡುವ ದಿನ ನಿಂಗರಾಜು ಮೈಸೂರಿನವರೆಗೆ ಬಂದ. ಬಸ್ ನಿಲ್ದಾಣದಲ್ಲಿ ನನ್ನ ಮಣಿಕಟ್ಟು ಹಿಡಿದು, “ಕೈ ಬಿಗಿ ಇಡೀಬ್ಯಾಡ. ಉಸ್ರು ಕಟ್ಬ್ಯಾಡ. ಅಷ್ಟೇಯ, ಇನ್ನೇನಿಲ್ಲ” ಎಂದು ಹೇಳಿಕೊಟ್ಟ.

ಇಲ್ಲಿ ಮೊದಲ ದಿನ ನಾನು ಹಾಕಿದ ಬೆಸುಗೆಯನ್ನೂ ನನ್ನ ಮುಖವನ್ನೂ ಮೇಸ್ತ್ರಿ ಎರಡೆರಡು ಸಲ ನೋಡಿದ. ವಿಮಾನದ ಆಯಾಸ ಎಂದೆ. ಆ ಆಯಾಸ ಆರು ತಿಂಗಳು ಇಳಿಯಲಿಲ್ಲ. ಬೇರೆಯವರು ಹಾಕಿದ ಬೆಸುಗೆಯನ್ನು ಬರೀ ಉಜ್ಜಿ ನಯ ಮಾಡುವ ಕೆಲಸಕ್ಕೆ ಹಾಕಿದರು. ನೆಲಮಾಳಿಗೆಯ ಕೋಣೆಯಲ್ಲಿದ್ದೆ, ಕಿಟಕಿ ನೆಲಮಟ್ಟದಲ್ಲಿತ್ತು, ಹಾಗಾಗಿ ಈ ದೇಶದ ಜನರನ್ನು ಮೊಣಕಾಲಿನವರೆಗೆ ಮಾತ್ರ ಪರಿಚಯ ಮಾಡಿಕೊಂಡೆ. ಪಾಳಿ ಮುಗಿದ ಮೇಲೆ ಬೇಡದ ತುಂಡುಗಳ ಮೇಲೆ ಅಭ್ಯಾಸ. ಉಸಿರು ಕಟ್ಟಬೇಡ, ಕೈ ಬಿಗಿ ಹಿಡಿಯಬೇಡ — ನಿಂಗರಾಜು ಹೇಳಿದ್ದು ಬಿಟ್ಟರೆ ನನಗೆ ಬೇರೆ ಗುರುವಿರಲಿಲ್ಲ. ಕಲಿತೆ. ಮೂರನೆಯ ವರ್ಷ ಖಾಯಂ ವಾಸದ ಕಾರ್ಡು ಬಂತು. ಅದರ ಫೋಟೋದಲ್ಲಿ ನಗಬಾರದೆಂದು ಸರ್ಕಾರದ ನಿಯಮ. ನನಗೆ ಕಷ್ಟವಾಗಲಿಲ್ಲ. ಹೆಂಡತಿ ಗೌರಿ ಮತ್ತು ಮಗಳು ಬಂದರು.

ನಡುವೆ ಎರಡು ಸಲ ಊರಿನ ಕಡೆ ಹೋದೆ. ಕೆ.ಆರ್. ನಗರದ ಮಾವನ ಮನೆಯಲ್ಲಿ ಉಳಿದು, ಸಮಯ ಸಾಲಲಿಲ್ಲ ಎಂದು ನಿಂಗರಾಜುವಿಗೆ ಫೋನು ಮಾಡಿ ಹಿಂತಿರುಗಿದೆ. ಕಳೆದ ವರ್ಷ ಮದುವೆಯೊಂದಕ್ಕೆ ಗಾವಡಗೆರೆಗೇ ಹೋಗಬೇಕಾಯಿತು. ಶೆಡ್ಡಿನಲ್ಲಿ ಯಾರೋ ಟೈರು ಮಾರುತ್ತಿದ್ದರು. ಅವನು ಸಿಕ್ಕಿದ್ದು ಶುಂಠಿ ತೊಳೆಯುವ ಕಣದಲ್ಲಿ, ಮೂಟೆ ತುಂಬಿದ ಗೂಡ್ಸ್ ಆಟೋದ ಪಕ್ಕ. ಬಾಡಿಗೆ ಓಡಿಸುತ್ತಾನೆ. ಮಹದೇವಿ ಅಲ್ಲಿಯೇ ಶುಂಠಿ ಆರಿಸುತ್ತಿದ್ದಳು.

“ವೆಲ್ಡಿಂಗ್ ಯಾಕ್ಲಾ ಬುಟ್ಟೆ?” ಎಂದು ಕೇಳಿದೆ. ಕೇಳಲು ಬಾಯಿ ಬಂತು.

“ಆಗ್ನಿಲ್ಲ ಕಣೋ” ಎಂದ ಅವನು, ಯಾರದೋ ಸುದ್ದಿ ಹೇಳುವವನಂತೆ.

ಮಹದೇವಿ ತಲೆ ಎತ್ತಿದಳು. “ಆ ಕಾಗ್ದ ಬಂದ್ಮೇಲೆ ಇವ್ರಿಗೆ ತಮ್ ಕೆಲ್ಸ ತಮ್ಗೇ ಇಡಿಸ್ದಂಗಾಯ್ತು ಅಣ್ಣ. ಆಕದು, ನೋಡದು, ಸರಿಯಿಲ್ಲ ಅಂತ ಉಜ್ಜಾಕದು, ತಿರ್ಗ ಆಕದು. ಒಂದ್ ಕೊಳ್ವೆಗೆ ಮೂರ್ ದಿನ. ರೈತ್ರು ಎಷ್ಟಂತ ಕಾದಾರು? ನಂಗೆ ಚೆನ್ನಾಗೇ ಕಾಣದು. ಎಂಗಸ್ರು ಮಾತು ಯಾರ್ ಕೇಳ್ತಾರೆ.”

“ಅವ್ರು ದೊಡ್ ಕಾರ್ಖಾನೆಯವ್ರು. ಗೊತ್ತಿಲ್ದೆ ಅಂದಾರಾ?” ಎಂದ ನಿಂಗರಾಜು. “ಅಷ್ಟ್ ವರ್ಸ ಸರಿಯಿಲ್ದೆಲೆ ಮಾಡ್ಕ ಬಂದೆ, ಈ ಊರ್ನೋರ್ಗೆ ಗೊತ್ತಾಗ್ನಿಲ್ಲ ಅಷ್ಟೆ. ಓಗ್ಲಿ ಬುಡು, ನೀನಾರ ಗೆದ್ದ್ಯಲ್ಲ. ನಿನ್ ಕೆಲ್ಸ ತೋರ್ಸ್ಲಾ.”

ಫೋನಿನಲ್ಲಿದ್ದ ಫೋಟೋ ತೋರಿಸಿದೆ. ನಮ್ಮ ಕಾರ್ಖಾನೆಯ ತಪಾಸಣೆಯವರು ಒಪ್ಪಿ ಮುದ್ರೆ ಹಾಕಿದ ಕೆಲಸ. ಅವನು ಎರಡು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದ. “ಚೆನ್ನಾಗದೆ ಕಣ್ಲಾ” ಎಂದ. ಆಮೇಲೆ ಒಂದು ಮೂಲೆಗೆ ಉಗುರು ಇಟ್ಟು, ಮೆಲ್ಲಗೆ, ತಾನು ಹೇಳಬಾರದ್ದನ್ನು ಹೇಳುವವನಂತೆ, “ಇಲ್ಲಿ ವಸಿ ನಿಂತ್ಬುಟ್ಟಿದ್ದೀಯ. ನಂಗಂಗ್ ಕಾಣ್ತದೆ. ನಂಗೇನ್ ಗೊತ್ತು.”

ಬೆಸುಗೆ ಹಾಕುವಾಗ ಅಲ್ಲಿ ನನ್ನ ಕೈ ನಿಂತಿದ್ದು ನಿಜ. ಕೆಮ್ಮು ಬಂದಿತ್ತು. ಅದನ್ನು ಈವರೆಗೆ ಯಾರೂ ಕಂಡಿರಲಿಲ್ಲ. ಆ ಕ್ಷಣದಲ್ಲಾದರೂ ಹೇಳಬೇಕಿತ್ತು — ಅವನ ಮುಂದೆ, ಮಹದೇವಿಯ ಮುಂದೆ. “ಬಿಸಿಲು ಜಾಸ್ತಿ” ಎಂದೆ. ಕಾರು ಹತ್ತಿದೆ.

ಅವನಿಗೆ ಸಿಗಬೇಕಿದ್ದ ದೇಶವೊಂದನ್ನು ಮಾತ್ರ ಕದ್ದೆ ಎಂದುಕೊಂಡಿದ್ದೆ. ದೇಶ ಇಲ್ಲದೆಯೂ ಜನ ಬದುಕುತ್ತಾರೆ.

ಸಂಘದ ಸಂಚಿಕೆಗೆ ಬರೆಯಲು ಕುಳಿತು, ವಾಕ್ಯ ಮುಂದೆ ಹೋಗದೆ ನಿಂತ ಸಂಜೆ, ಗೌರಿಗೆ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ ಬಂದು ಕೂತಳು. “ನಾನೂ ಮಗ್ಳೂ ಬಂದಿರೋದು ಅದೇ ಕಾರ್ಡಿನ ಮೇಲಲ್ವೇನ್ರೀ” ಎಂದಳು. ನನ್ನ ಮುಂದಿದ್ದ ಹಾಳೆಯನ್ನು ಅತ್ತ ಸರಿಸಿದಳು. “ಪತ್ರಿಕೆಗೆ ಆಮೇಲೆ ಬರೀರಿ. ಮೊದ್ಲು ಅವ್ರಿಗೆ ಹೇಳಿ.”

ಭಾನುವಾರ ಫೋನು ಮಾಡಿದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆ ಕಡೆ ಆಟೋದ ಎಂಜಿನ್ನು ಓಡುತ್ತಿತ್ತು, ಆಮೇಲೆ ಅದನ್ನು ಆರಿಸಿದ.

“ಅಂಗಾರೆ, ಬ್ಯಾಡ ಅಂದಿದ್ದು ನಿಂದಾ?”

“ನಂದೇ.”

“ಒಪ್ಕಂಡಿದ್ದು?”

“ನಿಂದು.”

“ಅದ ಕಳ್ಸು” ಎಂದು ಇಟ್ಟುಬಿಟ್ಟ.

ಹಳೆಯ ಮೇಲ್‌ನಿಂದ ಹುಡುಕಿ ಅವನ ಬೆಸುಗೆಯ ವೀಡಿಯೊ ಕಳಿಸಿದೆ. ಸಂದರ್ಶನದಲ್ಲಿ ಮೇಸ್ತ್ರಿ ಆ ಕೈಯ ಬಗ್ಗೆ ಆಡಿದ ಮಾತನ್ನು ಕನ್ನಡದಲ್ಲಿ ಬರೆದು ಜೊತೆಗಿಟ್ಟೆ. ಕ್ಷಮಿಸು ಎಂದು ಬರೆದು ಅಳಿಸಿದೆ. ಅವನು ನೋಡಿದನೆಂಬ ಗುರುತು ಬಂತು.

ಸಂಪಾದಕರು ಇದನ್ನು ನನ್ನ ಹೆಸರಿನಲ್ಲೇ ಅಚ್ಚು ಹಾಕಲಿ. ಓದಿ ಇಲ್ಲಿನ ಸರ್ಕಾರ ಕಾರ್ಡು ವಾಪಸು ಕೇಳಿದರೆ ವಕೀಲರನ್ನು ಹುಡುಕುವುದಿಲ್ಲ. ಗೌರಿಯೂ ನಾನೂ ಅಷ್ಟು ಮಾತಾಡಿಕೊಂಡಿದ್ದೇವೆ, ಸುಲಭವಾಗಿಯೇನೂ ಅಲ್ಲ.

ನಿನ್ನೆ ಮಹದೇವಿ ಫೋನು ಮಾಡಿದ್ದಳು. “ಏನ್ ಕಳ್ಸಿದ್ದೀರಣ್ಣ? ವಾರದಿಂದ ಇವ್ರು ಅದೊಂದೇ ನೋಡ್ಕಂಡು ಕೂತವ್ರೆ. ಮೊಖ ಕಾಣಲ್ಲ ಏನಿಲ್ಲ, ಬರೀ ಬೆಂಕಿ. ಯಾರ್ದು ಅಂದ್ರೆ ನಂದು ಅಂತಾರೆ.”

“ಅವನದೇ ಕಣಮ್ಮ” ಎಂದೆ.

“ಕೊಡ್ಲಾ ಫೋನು?”

ಅವಳು ಅತ್ತ ತಿರುಗಿ ಕೇಳಿದ್ದು ನನಗೂ ಕೇಳಿಸಿತು. ಮತ್ತೆ ಫೋನಿಗೆ ಬಂದಳು.

“ಬ್ಯಾಡಂತೆ ಅಣ್ಣ.”

ಸರಿಯಮ್ಮ ಎಂದೆ.